ನಾಡಿ ಸಿಗದ ಅಪ್ಪಯ್ಯನ ಪರವಾಗಿ, ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಮಾನ್ಯ ಇಂಧನ ಸಚಿವರಿಗೆ,

ನಮಸ್ಕಾರ.

ಒಂದೇ ಪತ್ರವನ್ನು ಇಬ್ಬರಿಗೂ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಹೃದಯವೂ ಕರೆಂಟೂ ಒಂದೇ ವಿಷಯ ಆಗಿಬಿಟ್ಟಿದೆ. ಬೇರೆ ಬೇರೆ ಬರೆದರೆ ಒಬ್ಬರ ಫೈಲು ಇನ್ನೊಬ್ಬರ ಮೇಜಿಗೆ ಹೋಗುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ.

ನಮ್ಮ ಅಪ್ಪಯ್ಯನ ಕೈ ಹಿಡಿದು ನೋಡಿದರೆ ನಾಡಿ ಸಿಗುವುದಿಲ್ಲ. ಮಣಿಕಟ್ಟು, ಕುತ್ತಿಗೆ, ಎಲ್ಲಿ ಬೆರಳಿಟ್ಟರೂ ಅಷ್ಟೇ. ಆದರೆ ಅವರು ಈಗ ಜಗಲಿಯಲ್ಲಿ ಕೂತು, ಈ ಸಲ ಅಡಿಕೆ ಕೊನೆ ಕೊಯ್ಯೋಕೆ ಆಳು ಸಿಗಲ್ಲ ಅಂತ ಯಾರಿಗೋ ಫೋನಿನಲ್ಲಿ ಬೈಯುತ್ತಿದ್ದಾರೆ. ಮೈಗೆ ಕಟ್ಟಿಕೊಂಡ ಪಟ್ಟಿಯ ಎರಡೂ ಬದಿ ಒಂದೊಂದು ಬ್ಯಾಟರಿ, ಸೊಂಟದಲ್ಲಿ ಒಂದು ಕಂಟ್ರೋಲರ್ ಪೆಟ್ಟಿಗೆ. ಅಲ್ಲಿಂದ ಒಂದು ವೈರು ಅಂಗಿಯ ಒಳಗೆ ಹೋಗಿ, ಹೊಟ್ಟೆಯ ಚರ್ಮ ದಾಟಿ, ಎದೆಯೊಳಗಿನ ಪಂಪಿಗೆ ಸೇರಿದೆ.

ಈ ಪಂಪಿಗೆ ಆಸ್ಪತ್ರೆಯಲ್ಲಿ ಎಲ್‌ವ್ಯಾಡ್ ಅನ್ನುತ್ತಾರೆ. ಅಪ್ಪಯ್ಯನಿಗೆ ಹಾಕಿರುವುದು ಹಾರ್ಟ್‌ಮೇಟ್ 3 ಅನ್ನುವ ಮಾದರಿ. ಹೃದಯವನ್ನು ತೆಗೆದು ಹಾಕುವುದಲ್ಲ ಇದು. ಹೃದಯ ಅಲ್ಲೇ ಇರುತ್ತದೆ. ಎಡ ಕೋಣೆಯ ತುದಿಗೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪಂಪು ಕೂರಿಸುತ್ತಾರೆ. ಅದು ಅಲ್ಲಿಂದ ರಕ್ತ ಎಳೆದು ನೇರ ಮಹಾಪಧಮನಿಗೆ ತಳ್ಳುತ್ತದೆ. ನಮ್ಮ ತೋಟದ ಪಂಪ್‌ಸೆಟ್ ಕೆಲಸ ಮಾಡುವುದೂ ಹೀಗೆಯೇ. ಒಳಗೆ ಚಕ್ರ ತಿರುಗುತ್ತದೆ, ನೀರು ಹೊರಕ್ಕೆ ಎಸೆಯುತ್ತದೆ. ವ್ಯತ್ಯಾಸ ಏನೆಂದರೆ ಇದರ ಚಕ್ರಕ್ಕೆ ಬೇರಿಂಗ್ ಇಲ್ಲ, ಅಯಸ್ಕಾಂತದ ಬಲದಲ್ಲಿ ತೇಲುತ್ತಾ ತಿರುಗುತ್ತದೆ. ಅಪ್ಪಯ್ಯನದು ನಿಮಿಷಕ್ಕೆ 5,400 ಸುತ್ತು. ರಕ್ತ ಲಬ್ ಡಬ್ ಅಂತ ಚಿಮ್ಮುವುದಿಲ್ಲ, ಒಂದೇ ಸಮನೆ ಹರಿಯುತ್ತದೆ. ಅದಕ್ಕೇ ನಾಡಿ ಇಲ್ಲ, ಇದ್ದರೂ ಬೆರಳಿಗೆ ಸಿಗದಷ್ಟು ಸಣ್ಣ. ಎದೆಗೆ ಕಿವಿ ಕೊಟ್ಟರೆ ಪಕ್ಕದ ಮನೆಯ ಮಿಕ್ಸಿ ತಿರುಗಿದ ಹಾಗೆ ಗುಂಯ್ ಅನ್ನುತ್ತದೆ. ನನ್ನ ಮಗನಿಗೆ ಅಜ್ಜನ ಎದೆಯ ಸದ್ದು ಕೇಳುವುದು ಒಂದು ಆಟ.

ಪಂಪಿನ ಬಗ್ಗೆ ದೂರು ಹೇಳಲು ಈ ಪತ್ರ ಅಲ್ಲ. ಎರಡೂವರೆ ವರ್ಷದ ಹಿಂದೆ ಮೂರು ದಿಂಬು ಇಟ್ಟುಕೊಂಡು, ಗೋಡೆಗೆ ಒರಗಿ, ಕೂತೇ ನಿದ್ದೆ ಮಾಡುತ್ತಿದ್ದ ಮನುಷ್ಯ ಈಗ ತೋಟದ ಮೇಲಿನ ಏರಿಯವರೆಗೆ ನಡೆದು ಬರುತ್ತಾರೆ. ನನ್ನ ತಕರಾರು ಪಂಪಿನ ಹೊರಗೆ ಇರುವುದರ ಬಗ್ಗೆ.

ಮೊದಲು ಕರೆಂಟು.

ಒಂದು ಜೊತೆ ಬ್ಯಾಟರಿ ನಮಗೆ ಹತ್ತರಿಂದ ಹನ್ನೆರಡು ಗಂಟೆ ಬರುತ್ತದೆ. ನಮ್ಮಲ್ಲಿ ನಾಲ್ಕು ಜೊತೆ ಇದೆ. ಲೆಕ್ಕ ಹಾಕಿ. ಚಾರ್ಜ್ ಮಾಡೋಕೆ ಕರೆಂಟ್ ಇಲ್ಲದಿದ್ದರೆ ಹೆಚ್ಚೆಂದರೆ ಎರಡು ದಿನ. ಕಂಟ್ರೋಲರ್ ಒಳಗೂ ಒಂದು ಪುಟ್ಟ ಬ್ಯಾಟರಿ ಇದೆ. ಅದು ಕಾಲು ಗಂಟೆಗೆ, ಆಪತ್ತಿಗೆ ಮಾತ್ರ. ಪಂಪು ನಿಂತರೆ ಹೃದಯ ಮೊದಲಿನಂತೆ ಹೇಗೋ ನಡೆಸಿಕೊಂಡು ಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಿಂತ ಪಂಪಿನ ಮೂಲಕವೇ ರಕ್ತ ವಾಪಸ್ ಹೃದಯಕ್ಕೆ ಹರಿಯುತ್ತದೆ. ಸ್ಥಿತಿ ಮೊದಲಿಗಿಂತ ಕೆಡುತ್ತದೆ.

ನಮ್ಮದು ಮಲೆನಾಡಿನ ಒಳಹಳ್ಳಿ. ಹೋದ ಜುಲೈನಲ್ಲಿ ಗಾಳಿಗೆ ಮರ ಬಿದ್ದು ನಾಲ್ಕು ಕಂಬ ಮುರಿದವು. ಮೊದಲ ದಿನ ನಾವು ತಲೆ ಕೆಡಿಸಿಕೊಳ್ಳಲಿಲ್ಲ, ಮಳೆಗಾಲದಲ್ಲಿ ಇದು ಮಾಮೂಲಿ. ಎರಡನೇ ದಿನ ಬೆಳಿಗ್ಗೆ ಹೊತ್ತಿಗೆ ಮನೆಯ ಯುಪಿಎಸ್ ಕೂಡ ಕೈಕೊಟ್ಟಿತ್ತು. ನಾಲ್ಕು ಜೊತೆಯಲ್ಲಿ ಎರಡು ಜೊತೆ ಖಾಲಿ. ಅಮ್ಮ ಬ್ಯಾಟರಿಯ ಮೇಲಿನ ಬಟನ್ ಒತ್ತಿ ಒತ್ತಿ ಹಸಿರು ದೀಪ ಎಷ್ಟು ಉಳಿದಿದೆ ಅಂತ ಎಣಿಸುತ್ತಿದ್ದರು. ಸುಮ್ನೆ ಒತ್ತಬೇಡ, ಅದಕ್ಕೂ ಚಾರ್ಜ್ ಹೋಗುತ್ತೆ ಅಂತ ಅಪ್ಪಯ್ಯ ರೇಗಿದರು. ನಾನು ಚಾರ್ಜರ್ ಮತ್ತು ಖಾಲಿ ಬ್ಯಾಟರಿಗಳನ್ನು ಪ್ಲಾಸ್ಟಿಕ್ ಕೊಪ್ಪೆಯಲ್ಲಿ ಸುತ್ತಿ, ಪಕ್ಕದ ಮನೆಯ ಜೀಪಿನಲ್ಲಿ 22 ಕಿಲೋಮೀಟರ್ ದೂರದ ಊರಿಗೆ ಹೋದೆ. ಅಲ್ಲೊಂದು ಕಲ್ಯಾಣ ಮಂಟಪದಲ್ಲಿ ಜನರೇಟರ್ ಇತ್ತು. ಯಾರದೋ ನಿಶ್ಚಿತಾರ್ಥ ನಡೆಯುತ್ತಿತ್ತು. ಅಡುಗೆಮನೆ ಮೂಲೆಯಲ್ಲಿ, ಹೋಳಿಗೆ ತಟ್ಟುವವರ ಪಕ್ಕ ನಾಲ್ಕು ಗಂಟೆ ಕೂತು ಅಪ್ಪಯ್ಯನ ಹೃದಯ ಚಾರ್ಜ್ ಮಾಡಿಕೊಂಡು ಬಂದೆ. ಹುಡುಗಿ ಕಡೆಯವರು ಊಟ ಮಾಡಿಸದೆ ಕಳಿಸಲಿಲ್ಲ.

ಮೂರನೇ ದಿನ ಸಂಜೆ ಕರೆಂಟ್ ಬಂತು. ಲೈನ್‌ಮ್ಯಾನ್ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಸೊಂಟದವರೆಗೆ ಕೆಸರಿನಲ್ಲಿ ನಿಂತು ಕಂಬ ನಿಲ್ಲಿಸಿದವರು ಅವರು. ವಿಷಯ ಗೊತ್ತಾದ ಮೇಲೆ, "ಅಕ್ಕಾ, ಮೊದಲೇ ಹೇಳಿದ್ದರೆ ನಿಮ್ಮ ಲೈನ್ ಮೊದಲು ಎತ್ತುತ್ತಿದ್ದೆವಲ್ಲ" ಅಂದರು. ನಿಜ. ಆದರೆ ಹೇಳುವುದು ಯಾರಿಗೆ? ಕಚೇರಿಯಲ್ಲಿ ನಾನು ಮೊದಲೇ ಅರ್ಜಿ ಕೊಟ್ಟಿದ್ದೆ. ಇಂಥದ್ದಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಅಂತ ವಾಪಸ್ ಕೊಟ್ಟಿದ್ದರು.

ಇಂಧನ ಸಚಿವರೇ, ಆ ಕಾಲಂ ಮಾಡಿಸಿ. ಬ್ರಿಟನ್‌ನಲ್ಲಿ ಕರೆಂಟ್ ಕಂಪನಿಗಳು ಇಂಥ ಮನೆಗಳ ಪಟ್ಟಿ ಇಟ್ಟಿರುತ್ತವೆ. ಲೈನ್ ತೆಗೆಯುವ ಮುಂಚೆ ತಿಳಿಸುತ್ತಾರೆ. ಆಸ್ಟ್ರೇಲಿಯಾದಲ್ಲೂ ಜೀವರಕ್ಷಕ ಯಂತ್ರ ಇರುವ ಮನೆಯನ್ನು ನೋಂದಾಯಿಸುವ ಪದ್ಧತಿ ಇದೆ. ಎದೆಯಲ್ಲಿ ಪಂಪು ಇಟ್ಟುಕೊಂಡವರು ನಮ್ಮ ರಾಜ್ಯದಲ್ಲಿ ಕೆಲವೇ ಜನ ಇರಬಹುದು, ಅಷ್ಟಕ್ಕೆ ಇಷ್ಟೆಲ್ಲ ಯಾಕೆ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಆದರೆ ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟುಕೊಂಡವರು ಎಷ್ಟು ಜನ? ವೆಂಟಿಲೇಟರ್ ಮೇಲೆ ಇರುವ ಮಕ್ಕಳು? ಎಲ್ಲರಿಗೂ ಅದೇ ಪಟ್ಟಿ ಸಾಕು. ಆರ್.ಆರ್. ನಂಬರ್ ಎದುರು ಒಂದು ಗುರುತು, ಸೆಕ್ಷನ್ ಆಫೀಸಿನ ಗೋಡೆಯ ಮೇಲೆ ಒಂದು ಹಾಳೆ. ಗೃಹಜ್ಯೋತಿಯಲ್ಲಿ ನಮ್ಮ ಬಿಲ್ ಸೊನ್ನೆ ಬರುತ್ತಿದೆ, ಉಪಕಾರ ಮರೆತಿಲ್ಲ. ಬಿಲ್ಲಿನ ಜೊತೆ ಕರೆಂಟೂ ಸೊನ್ನೆ ಆಗುವ ದಿನಗಳ ಬಗ್ಗೆ ಹೇಳುತ್ತಿದ್ದೇನೆ ಅಷ್ಟೇ.

ಇನ್ನು ಆರೋಗ್ಯ ಸಚಿವರಿಗೆ.

ಹೋದ ವರ್ಷ ಅಪ್ಪಯ್ಯನಿಗೆ ಎರಡು ದಿನ ಭೇದಿ ಆಯಿತು. ಮೈಯಲ್ಲಿ ನೀರಿನಂಶ ಇಳಿದರೆ ಪಂಪಿಗೆ ಎಳೆಯೋಕೆ ರಕ್ತ ಸಾಕಾಗುವುದಿಲ್ಲ. ರಾತ್ರಿ ಹತ್ತೂವರೆಗೆ ಕಂಟ್ರೋಲರ್‌ನಲ್ಲಿ ಕೆಂಪು ಹೃದಯದ ಗುರುತು ಮಿನುಗಿ ಅಲಾರಂ ಶುರುವಾಯಿತು. ಹರಿವು ನಿಮಿಷಕ್ಕೆ ಎರಡೂವರೆ ಲೀಟರ್‌ಗಿಂತ ಕೆಳಗೆ ಇಳಿದಿದೆ ಅಂತ ಅದರ ಅರ್ಥ. ಹತ್ತಿರದ ಊರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗ. ನಾಡಿ ಹಿಡಿದ. ಇನ್ನೊಂದು ಕೈ ಹಿಡಿದ. ಬಿ.ಪಿ. ಮಷಿನ್ ಮೂರು ಸಲ ಗಾಳಿ ತುಂಬಿಕೊಂಡು ಎರರ್ ತೋರಿಸಿತು. ಬೆರಳಿಗೆ ಹಾಕಿದ ಆಕ್ಸಿಮೀಟರ್‌ನಲ್ಲಿ ಬರೀ ಗೆರೆ. ಹುಡುಗನ ಮುಖ ಬಿಳಿಚಿಕೊಂಡಿತು. ಎದೆ ಒತ್ತೋಕೆ ಮಂಚದ ಪಕ್ಕ ಸ್ಟೂಲ್ ಎಳೆಯಿರಿ ಅಂದ. ಆಗ ಅಪ್ಪಯ್ಯ ಕಣ್ಣು ಬಿಟ್ಟು, "ಸ್ವಲ್ಪ ತಡಿ ಮಾರಾಯ, ನಾನಿನ್ನೂ ಇದ್ದೀನಿ" ಅಂದರು. ಈಗ ನೆನೆಸಿಕೊಂಡು ಮನೆಯಲ್ಲಿ ಎಲ್ಲರೂ ನಗುತ್ತೇವೆ. ಆವತ್ತು ಯಾರೂ ನಗಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ವಾರ್ಡ್‌ಬಾಯ್ ಎಕ್ಸ್‌ರೇಗೆ ಅಡ್ಡ ಅಂತ ಬ್ಯಾಟರಿಯ ವೈರಿಗೆ ಕೈ ಹಾಕಿದ್ದ. ನಾನು ಕಿರುಚಿದ್ದು ಗೇಟಿನವರೆಗೆ ಕೇಳಿಸಿತಂತೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಪಂಪಿನವರಿಗೆ ಅಂತಲೇ ಒಬ್ಬ ನರ್ಸ್ ಇದ್ದಾರೆ. ಕೋಆರ್ಡಿನೇಟರ್ ಅನ್ನುತ್ತಾರೆ. ಅವರಿಗೆ ಫೋನ್ ಹಚ್ಚಿ ಡಾಕ್ಟರ್ ಕೈಗೆ ಕೊಟ್ಟೆ. ಅವರು ಹೇಳಿದ ಹಾಗೆ ಸಲೈನ್ ಏರಿಸಿದರು. ಮುಕ್ಕಾಲು ಗಂಟೆಯಲ್ಲಿ ಅಲಾರಂ ನಿಂತಿತು. ಆ ಹುಡುಗ ಆಮೇಲೆ ಸ್ಟೆತಾಸ್ಕೋಪ್ ಇಟ್ಟು ಗುಂಯ್ ಸದ್ದನ್ನು ತುಂಬ ಹೊತ್ತು ಕೇಳಿದ. ಕಾಲೇಜಿನಲ್ಲಿ ಇದನ್ನು ಚಿತ್ರದಲ್ಲಿ ನೋಡಿದ್ದೆ ಅಷ್ಟೇ ಮೇಡಂ ಅಂದ. ಅವನ ತಪ್ಪು ಏನಿದೆ ಇದರಲ್ಲಿ?

ಇನ್ನೊಮ್ಮೆ ಬೇರೆ ಕಡೆ ಜ್ವರಕ್ಕೆ ತೋರಿಸಿದಾಗ, ಔಷಧಿ ಪಟ್ಟಿಯಲ್ಲಿ ಆಸ್ಪಿರಿನ್ ಇಲ್ಲದ್ದು ನೋಡಿ, ಹಾರ್ಟ್ ಪೇಷೆಂಟ್ ಅಲ್ವಾ, ಇದು ಬೇಕೇ ಬೇಕು ಅಂತ ಬರೆದುಕೊಟ್ಟರು. ರಕ್ತ ತೆಳುವಾಗುವ ಮಾತ್ರೆ ಮೊದಲೇ ನಡೆಯುತ್ತಿದೆ. ಈ ಮಾದರಿಯ ಪಂಪಿನವರಿಗೆ ಆಸ್ಪಿರಿನ್ ಬಿಟ್ಟರೆ ತೊಂದರೆ ಇಲ್ಲ, ರಕ್ತಸ್ರಾವವೂ ಕಡಿಮೆ ಆಗುತ್ತದೆ ಅಂತ 2023ರಲ್ಲೇ 628 ರೋಗಿಗಳ ಮೇಲೆ ನಡೆದ ಪರೀಕ್ಷೆ ತೋರಿಸಿದೆ. ಬೆಂಗಳೂರಿನವರು ಅದನ್ನು ನೋಡಿಯೇ ನಿಲ್ಲಿಸಿದ್ದರು. ನಮಗೆ ಮೂರು ದಿನ ಆದ ಮೇಲೆ ಗೊತ್ತಾಯಿತು. ರಕ್ತದ ವಿಷಯದಲ್ಲಿ ಅಮ್ಮ ಎಷ್ಟು ಹುಷಾರು ಅಂದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನೇ ಅಟ್ಟದ ಮೇಲೆ ಬಚ್ಚಿಟ್ಟಿದ್ದಾರೆ. ಒಂದೆಲಗದ ತಂಬುಳಿ ಕೂಡ ವಾರಕ್ಕೆ ಇಷ್ಟೇ ಅಂತ ಅಳತೆ. ಸೊಪ್ಪು ಏರುಪೇರಾದರೆ ಐ.ಎನ್.ಆರ್., ಅಂದರೆ ರಕ್ತ ಎಷ್ಟು ತೆಳುವಾಗಿದೆ ಅನ್ನುವ ಅಳತೆ, ಏರುಪೇರಾಗುತ್ತದೆ, ಅದು 2ರಿಂದ 3ರ ಒಳಗೆ ಇರಬೇಕು. ಇಷ್ಟು ಕಾಯುವ ಮನೆಯಲ್ಲಿ ಒಂದು ಚೀಟಿಯಿಂದ ಎಲ್ಲ ಕೆಡಬಹುದಿತ್ತು.

ನಾನು ಕೇಳುವುದು ದೊಡ್ಡ ತರಬೇತಿ ಶಿಬಿರ ಅಲ್ಲ. ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೂ ಆಂಬುಲೆನ್ಸ್ ಸಿಬ್ಬಂದಿಗೂ ಒಂದು ಹಾಳೆ ಕನ್ನಡದಲ್ಲಿ ಕೊಡಿ. ನಾಡಿ ಇಲ್ಲ ಅಂದ ಮಾತ್ರಕ್ಕೆ ಜೀವ ಇಲ್ಲ ಅಂತಲ್ಲ. ಉಸಿರು, ಮೈಬಣ್ಣ, ಪ್ರಜ್ಞೆ ನೋಡಿ. ಗುಂಯ್ ಸದ್ದು ಕೇಳಿ. ಬಿ.ಪಿ.ಯನ್ನು ಡಾಪ್ಲರ್ (ರಕ್ತದ ಹರಿವಿನ ಸದ್ದು ಕೇಳಿಸುವ ಸಾಧನ) ಇಟ್ಟು ನೋಡಬೇಕು. ಎರಡು ಬ್ಯಾಟರಿ ಒಟ್ಟಿಗೆ ಕಳಚಬೇಡಿ. ಎಂ.ಆರ್.ಐ. ಬೇಡ. ಪಂಪು ನಿಂತು, ಪ್ರಜ್ಞೆಯೂ ತಪ್ಪಿದ್ದರೆ ಎದೆ ಒತ್ತಬಹುದು. ಕೆಳಗೆ ಒಂದು ಫೋನ್ ನಂಬರ್. ಇಷ್ಟೇ.

ಇದಕ್ಕಿಂತ ಹೆಚ್ಚು ಹೊಟ್ಟೆಯುರಿ ತರಿಸಿದ್ದು ಇನ್ನೊಂದಿದೆ. ಅಪ್ಪಯ್ಯನಿಗೆ ಹಾರ್ಟ್ ಅಟ್ಯಾಕ್ ಆಗಿ ನಾಲ್ಕು ವರ್ಷ ಮಾತ್ರೆಯಲ್ಲೇ ಕಳೆಯಿತು. ಕೊನೆಯ ವರ್ಷ ಐದು ಸಲ ಅಡ್ಮಿಟ್. ಪ್ರತಿ ಸಲ ಅದೇ ಮಾತು: ಹಾರ್ಟ್ ವೀಕ್ ಇದೆ, ಪಂಪಿಂಗ್ 20%, ನೀರು ತುಂಬಿತ್ತು, ತೆಗೆದಿದ್ದೇವೆ, ಉಪ್ಪು ಕಡಿಮೆ ಮಾಡಿ. ಬಿ.ಪಿ. ಬೀಳುತ್ತೆ ಅಂತ ಒಂದೊಂದೇ ಮಾತ್ರೆ ನಿಲ್ಲಿಸಿದರು. ಕಿಡ್ನಿ ಸೋಲುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರುತ್ತಿತ್ತು. ಇವೆಲ್ಲ ಸೇರಿದರೆ ಮಾತ್ರೆಯ ಕಾಲ ಮುಗಿಯುತ್ತಾ ಬಂತು, ಹೃದಯ ಕಸಿ ಅಥವಾ ಪಂಪು ಮಾಡುವ ಕಡೆ ಒಮ್ಮೆ ತೋರಿಸಿ ಅನ್ನುವ ಸೂಚನೆ. ನಮಗೆ ಅದು ಯಾರೂ ಹೇಳಲಿಲ್ಲ. ಆಪರೇಷನ್ ಮಾಡಿಸಲೇಬೇಕು ಅಂತಲ್ಲ. ತೋರಿಸಿ ಅನ್ನಬೇಕಿತ್ತು, ಅಷ್ಟೇ.

ವೈದ್ಯರು ಇಂಥ ರೋಗಿಗಳನ್ನು 1ರಿಂದ 7ರವರೆಗೆ ಮೆಟ್ಟಿಲುಗಳಾಗಿ ವಿಂಗಡಿಸುತ್ತಾರೆ. 1 ಅಂದರೆ ಕೈಮೀರುತ್ತಿರುವವರು. ಆ ಮೆಟ್ಟಿಲಿನಲ್ಲಿ ಪಂಪು ಹಾಕಿದರೆ ಅಪಾಯ ಜಾಸ್ತಿ. ಕಿಡ್ನಿ, ಲಿವರ್, ಬಲಭಾಗದ ಹೃದಯ ಎಲ್ಲ ಅಷ್ಟರಲ್ಲಿ ಸೋತಿರುತ್ತವೆ. ಅಪ್ಪಯ್ಯ ಬೆಂಗಳೂರು ಮುಟ್ಟಿದಾಗ 2ನೇ ಮೆಟ್ಟಿಲಿನಲ್ಲಿದ್ದರು, ಡ್ರಿಪ್ ನಿಲ್ಲಿಸಿದರೆ ಬಿ.ಪಿ. ನಿಲ್ಲುತ್ತಿರಲಿಲ್ಲ. ಆರು ತಿಂಗಳು ಮುಂಚೆ ಬಂದಿದ್ದರೆ ಕಸಿ ಪಟ್ಟಿಯ ಬಗ್ಗೆಯೂ ನಿಧಾನವಾಗಿ ಯೋಚಿಸಬಹುದಿತ್ತು ಅಂತ ಸರ್ಜನ್ ಹೇಳಿದರು. ಇಡೀ ದೇಶದಲ್ಲಿ ವರ್ಷಕ್ಕೆ ಆಗುವ ಹೃದಯ ಕಸಿ 250ರ ಆಸುಪಾಸು. ಆ ಸಾಲಿನಲ್ಲಿ ಯಾವಾಗ ನಿಂತೆವು ಅನ್ನುವುದೂ ಮುಖ್ಯ ಆಗುತ್ತದೆ.

ಹಾರ್ಟ್ ಅಟ್ಯಾಕ್‌ಗೆ ನೀವು ದಾರಿ ಮಾಡಿದ್ದೀರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆಯುತ್ತಾರೆ, ದೊಡ್ಡ ಆಸ್ಪತ್ರೆಯವರು ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಪುಕ್ಕಟೆ ಸಿಗುತ್ತದೆ. ಒಳ್ಳೆಯ ಕೆಲಸ. ಆದರೆ ಅಟ್ಯಾಕ್‌ನಿಂದ ಬದುಕಿ, ಹೃದಯ ಸೊರಗಿ, ವರ್ಷಗಟ್ಟಲೆ ಏದುಸಿರು ಬಿಡುತ್ತಾ ಇರುವವರಿಗೆ ಆ ದಾರಿ ಇಲ್ಲ. ಅದೇ ಜಾಲದಲ್ಲಿ ಇನ್ನೊಂದು ಕೊಂಡಿ ಹಾಕಿ. ಹಾರ್ಟ್ ಫೇಲ್ಯೂರ್ ಅಂತ ವರ್ಷದಲ್ಲಿ ಎರಡನೇ ಸಲ ಅಡ್ಮಿಟ್ ಆದವರ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಜಯದೇವದಂಥ ಕಡೆ ಒಬ್ಬರು ನೋಡುವ ಹಾಗೆ ಮಾಡಿ.

ಐ.ಸಿ.ಯು.ನಲ್ಲಿ ಸಹಿ ಹಾಕಿಸಿಕೊಳ್ಳುವ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಅಮ್ಮನ ಮುಂದೆ ಆರು ಪುಟ ಇಂಗ್ಲಿಷ್ ಕಾಗದ ಹಿಡಿದರು. ಹೃದಯಕ್ಕೆ ಆಸರೆಯಾಗಿ ತೊಡೆಯ ರಕ್ತನಾಳದಿಂದ ಬಲೂನ್ ಪಂಪ್ ಹಾಕಬೇಕು, ಬೇಗ ಸಹಿ ಮಾಡಿ ಅಂದರು. ಅಮ್ಮ ಕನ್ನಡದಲ್ಲಿ ಸಹಿ ಮಾಡಿದರು. ಹಾರ್ಟ್ ಅಟ್ಯಾಕ್ ಆಗಿ ಶಾಕ್‌ಗೆ, ಅಂದರೆ ಬಿ.ಪಿ. ಬಿದ್ದು ಮೈಗೆ ರಕ್ತ ಸಾಲದ ಸ್ಥಿತಿಗೆ, ಹೋದವರಿಗೆ ಈ ಬಲೂನಿನಿಂದ ಸಾವು ಕಡಿಮೆ ಆಗಲಿಲ್ಲ ಅಂತ 2012ರಲ್ಲೇ 600 ರೋಗಿಗಳ ಅಧ್ಯಯನ ಹೇಳಿದೆ. ಅಪ್ಪಯ್ಯನದು ಆ ಥರದ ಕೇಸಲ್ಲ. ಹಾಕಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಪಕ್ಕದ ಬೆಡ್ಡಿನವರಿಗೆ ಇಂಪೆಲ್ಲಾ ಅನ್ನುವ ಪುಟ್ಟ ಪಂಪಿನ ಮಾತು ನಡೆಯುತ್ತಿತ್ತು. ಅದರ ಅಧ್ಯಯನ 2024ರಲ್ಲಿ ಬಂತು. ದೊಡ್ಡ ಅಟ್ಯಾಕ್‌ನಿಂದ ಶಾಕ್‌ಗೆ ಹೋದವರನ್ನು ಆರಿಸಿ ಹಾಕಿದಾಗ ಆರು ತಿಂಗಳಲ್ಲಿ ಸತ್ತವರು 45.8%, ಹಾಕದವರಲ್ಲಿ 58.5%. ಜೊತೆಗೆ ರಕ್ತಸ್ರಾವ, ಕಾಲಿಗೆ ರಕ್ತ ನಿಲ್ಲುವುದು, ಡಯಾಲಿಸಿಸ್ ಇವೂ ಹೆಚ್ಚಾದವು. ಲಾಭ ಇದೆ, ಆದರೆ ಎಲ್ಲರಿಗೂ ಅಲ್ಲ, ಸುಮ್ನೆ ಬರುವುದೂ ಅಲ್ಲ. ಇದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೈಗಿಡಲು ಏನು ಕಷ್ಟ?

ದೊಡ್ಡ ಪಂಪಿನ ಮಾತೂ ಹಾಗೆಯೇ. 2001ರಲ್ಲಿ ಬಂದ ಅಧ್ಯಯನದಲ್ಲಿ ಹಳೆಯ ಮಾದರಿಯ ಪಂಪು ಹಾಕಿದವರಲ್ಲಿ ಒಂದು ವರ್ಷ ಬದುಕಿದ್ದು 52%, ಮಾತ್ರೆಯಲ್ಲೇ ಇದ್ದವರಲ್ಲಿ 25%. ಈಗಿನ ಹಾರ್ಟ್‌ಮೇಟ್ 3ರಲ್ಲಿ ಐದು ವರ್ಷ ದಾಟುವವರು 100ಕ್ಕೆ 58. ಇಷ್ಟು ಸುಧಾರಿಸಿದೆ. ಆದರೆ ಉಳಿದ 42 ಜನರ ಬಗ್ಗೆಯೂ ಹೇಳಬೇಕಲ್ಲ. ನಮಗೆ ಹೇಳಿದ್ದು "ಹೊಸ ಜೀವನ ಸಿಗುತ್ತೆ" ಅಂತ ಮಾತ್ರ. ವೈರು ಹೊರಬರುವ ಜಾಗಕ್ಕೆ ದಿನಾ ಡ್ರೆಸ್ಸಿಂಗ್ ಮಾಡಬೇಕು, ಅಲ್ಲಿ ಸೋಂಕು ಆಗಬಹುದು, ಪಾರ್ಶ್ವವಾಯು ಆಗಬಹುದು, ಹೊಳೆಗೆ ಇಳಿಯುವಂತಿಲ್ಲ ಅನ್ನುವುದೆಲ್ಲ ಆಮೇಲೆ ತಿಳಿಯಿತು. ದೀಪಾವಳಿಯ ನೀರು ತುಂಬೋ ಹಬ್ಬಕ್ಕೆ ಹಂಡೆ ತುಂಬಿ ಪೂಜೆ ಮಾಡುವವರು ಅಪ್ಪಯ್ಯನೇ. ಬೆಳಗಿನ ಎಣ್ಣೆಸ್ನಾನ ಮಾತ್ರ ಅವರಿಗಿಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಾರೆ. ಮೊದಲೇ ಹೇಳಿದ್ದರೂ ಅವರು ಒಪ್ಪುತ್ತಿದ್ದರು ಅಂತ ನನಗೆ ಗೊತ್ತು. ಆದರೂ ಕೇಳಿ ಒಪ್ಪುವುದೇ ಬೇರೆ.

ದುಡ್ಡಿನ ಮಾತು ಹೆಚ್ಚು ಆಡಲ್ಲ. ಖರ್ಚು ಕೋಟಿಯ ಹತ್ತಿರ ಹೋಯಿತು. ಶಿವಮೊಗ್ಗದ ಸೈಟು, ತೋಟದ ಒಂದು ಭಾಗ, ನನ್ನ ಪಿ.ಎಫ್. ಆಯುಷ್ಮಾನ್‌ನ ಐದು ಲಕ್ಷ ಇದಕ್ಕೆ ಯಾವ ಮೂಲೆಗೂ ಸಾಲದು. ಎಲ್ಲರಿಗೂ ಒಂದೊಂದು ಕೋಟಿ ಕೊಡಿ ಅಂತ ನಾನು ಕೇಳಲ್ಲ. ಆ ಒಂದು ಕೋಟಿಯಲ್ಲಿ ಎಷ್ಟು ತಾಲ್ಲೂಕು ಆಸ್ಪತ್ರೆಗೆ ಎಕೋ ಮಷಿನ್ ಬರುತ್ತದೆ ಅಂತ ನನಗೂ ಅಂದಾಜಿದೆ. ಆದರೆ ಬೆಲೆ ಇಳಿಯುವುದೇ ಇಲ್ಲ ಅಂತ ಕೈಚೆಲ್ಲಬೇಡಿ. ಹೃದಯದ ಕವಾಟವೂ ಒಂದು ಕಾಲಕ್ಕೆ ಹೊರದೇಶದ್ದೇ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ತಾನೇ ಮಾಡಿದ ಕವಾಟವನ್ನು 1990ರಲ್ಲಿ ಮೊದಲ ರೋಗಿಗೆ ಹಾಕಿತು. ಈವರೆಗೆ ಲಕ್ಷಕ್ಕೂ ಹೆಚ್ಚು ಜನರ ಎದೆಗೆ ಅದನ್ನು ಹಾಕಿದ್ದಾರೆ. ಅದರ ಹಿಂದಿದ್ದ ಡಾ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲದ ಕುಲಪತಿ ಆಗಿದ್ದವರು. ಈಗ ಐ.ಐ.ಟಿ. ಕಾನ್ಪುರದವರು ಹೃದ್ಯಂತ್ರ ಅಂತ ಹೆಸರಿಟ್ಟು ನಮ್ಮದೇ ಪಂಪಿನ ಕೆಲಸ ಹಿಡಿದಿದ್ದಾರೆ. ಅದು ಮನುಷ್ಯರ ಮೇಲೆ ಪರೀಕ್ಷೆಗೆ ಬಂದಾಗ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆ ಸಿದ್ಧವಾಗಿರಲಿ.

ಪಂಪು ಕೊಟ್ಟವರು ಕೈಬಿಟ್ಟರೆ ಏನು ಅನ್ನುವ ಹೆದರಿಕೆಯೂ ಇದೆ. 2021ರ ಜೂನ್‌ನಲ್ಲಿ ಮೆಡ್‌ಟ್ರಾನಿಕ್ ಕಂಪನಿ ತನ್ನ ಎಚ್‌ವ್ಯಾಡ್ ಪಂಪಿನ ಮಾರಾಟ ನಿಲ್ಲಿಸಿತು. ಪಾರ್ಶ್ವವಾಯು ಮತ್ತು ಸಾವು ಹೆಚ್ಚು, ಕೆಲವು ಪಂಪು ನಿಂತರೆ ಮತ್ತೆ ಶುರು ಆಗುತ್ತಿರಲಿಲ್ಲ. ಆಗ ಅದನ್ನು ಎದೆಯಲ್ಲಿ ಇಟ್ಟುಕೊಂಡವರು ಜಗತ್ತಿನಲ್ಲಿ ಸಾವಿರಾರು ಜನ ಇದ್ದರು. ನಮ್ಮ ರಾಜ್ಯದಲ್ಲಿ ಯಾರ ಎದೆಯಲ್ಲಿ ಯಾವ ಪಂಪು ಇದೆ ಅನ್ನುವ ಒಂದು ದಾಖಲೆ ನಿಮ್ಮ ಇಲಾಖೆಯಲ್ಲೇ ಇರಲಿ. ಬ್ಯಾಟರಿಗಳ ಆಯಸ್ಸು ಮೂರು ವರ್ಷದ ಆಸುಪಾಸು. ನಮ್ಮದು ಮುಂದಿನ ವರ್ಷ ಬದಲಿಸಬೇಕು. ಅದೂ ಹೊರದೇಶದಿಂದಲೇ ಬರಬೇಕು.

ಕೊನೆಯದು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅಪ್ಪಯ್ಯನೇ ಬರಿ ಅಂದರು. ಮುಂದೆ ಅವರಿಗೆ ಬೇರೆ ಏನೋ ಆಗಿ, ಮಿದುಳು ಸೋತು, ವಾಪಸ್ ಬರುವ ದಾರಿಯೇ ಇಲ್ಲ ಅಂತಾದರೂ ಈ ಪಂಪು ಮಾತ್ರ ತಿರುಗುತ್ತಲೇ ಇರುತ್ತದೆ. ಆಗ ನಿಲ್ಲಿಸುವುದು ಯಾರು? ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಜಾರಿಗೆ ತರಲು ನಿಮ್ಮ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಆ ಆದೇಶವನ್ನು ಎದೆಯೊಳಗಿನ ಪಂಪಿನ ವಿಷಯದಲ್ಲಿ ಹೇಗೆ ಓದಬೇಕು ಅಂತ ಸ್ಪಷ್ಟವಾಗಿ ಬರೆದು ತಿಳಿಸಿ. ಅಪ್ಪಯ್ಯ ತಮ್ಮ ಇಷ್ಟವನ್ನು ಈಗಲೇ ಬರೆದಿಡಲು ತಯಾರಿದ್ದಾರೆ. "ಸ್ವಿಚ್ ಯಾವಾಗ ಆಫ್ ಮಾಡಬೇಕು ಅಂತ ನಾನೇ ಹೇಳ್ತೀನಿ, ನಿಮ್ಮ ಅಮ್ಮನ ತಲೆಗೆ ಅದನ್ನ ಕಟ್ಟಬೇಡಿ" ಅನ್ನುತ್ತಾರೆ.

ಇಂಧನ ಸಚಿವರಿಗೆ ಒಂದು ಮಾತು ಬಾಕಿ ಇದೆ. ಜೂನ್‌ಗೆ ಮುಂಚೆ ಆ ಪಟ್ಟಿ ಶುರು ಮಾಡುವುದಾದರೆ ನಮ್ಮ ಮನೆಯ ಆರ್.ಆರ್. ನಂಬರ್, ಡಾಕ್ಟರ್ ಚೀಟಿ, ಪಂಪಿನ ಕಾರ್ಡಿನ ನಕಲು ಎಲ್ಲ ಒಂದು ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಯಾವ ಕಚೇರಿಯಲ್ಲಿ ಯಾರ ಕೈಗೆ ಕೊಡಬೇಕು ಅಂತ ತಿಳಿಸಿ.

ಇಂತಿ ನಮಸ್ಕಾರಗಳು,
ಮಲೆನಾಡಿನ ಒಬ್ಬ ಮಗಳು